ಉತ್ಸವ ವೇದಿಕೆಗಳ ಧ್ವನಿ ವ್ಯವಸ್ಥೆಯಲ್ಲಿ ಬಹುಚಾನೆಲ್ ಡಿಜಿಟಲ್ ಸಂಕೇತಗಳ ಬದಲಾವಣೆ

ಪೀಠಿಕೆ

ಬಾಗಲಕೋಟೆ ಜಿಲ್ಲೆಯ ರನ್ನ ಬೆಳಗಲಿಯು ಕವಿಚಕ್ರವರ್ತಿ ರನ್ನನ ಹೆಸರನ್ನು ತನ್ನ ಹೆಸರಿನೊಡನೆ ಸೇರಿಸಿಕೊಂಡಿರುವ ಪಟ್ಟಣವಾಗಿದೆ. ಕ್ರಿ.ಶ. 949ರಲ್ಲಿ ಬಳೆಗಾರರ ಮನೆತನದಲ್ಲಿ ಜನಿಸಿದ ರನ್ನನು ಚಾಲುಕ್ಯ ದೊರೆ ಇಮ್ಮಡಿ ತೈಲಪ ಹಾಗೂ ಆತನ ಮಗ ಸತ್ಯಾಶ್ರಯರ ಆಶ್ರಯವನ್ನು ಪಡೆದು, ‘ಅಜಿತ ಪುರಾಣ’ ಮತ್ತು ‘ಗದಾಯುದ್ಧ’ಗಳಂತಹ ಕೃತಿಗಳನ್ನು ರಚಿಸಿದ್ದಾನೆ. ಕವಿಯ ನೆನಪಿನಲ್ಲಿ 2025ರ ಫೆಬ್ರುವರಿ ತಿಂಗಳಿನಲ್ಲಿ ರನ್ನ ಬೆಳಗಲಿ ಹಾಗೂ ಮುಧೋಳದಲ್ಲಿ ‘ರನ್ನ ವೈಭವ’ ಉತ್ಸವವು ಜರುಗಿತು.

ಉತ್ತರ ಕರ್ನಾಟಕದ ಇಂತಹ ಉತ್ಸವಗಳ ಒಂದೇ ವೇದಿಕೆಯ ಮೇಲೆ ಒಂದೇ ಸಂಜೆ ನಾಡಗೀತೆ, ಗಣ್ಯರ ಭಾಷಣ, ಕವಿಗೋಷ್ಠಿ, ಕರಡಿ ಮಜಲು, ಶ್ರೀಕೃಷ್ಣ ಪಾರಿಜಾತ, ಸುಗಮ ಸಂಗೀತ ಮತ್ತು ಚಲನಚಿತ್ರ ಗೀತೆಗಳ ವಾದ್ಯಮೇಳ ಒಂದರ ಹಿಂದೆ ಒಂದರಂತೆ ನಡೆಯುತ್ತವೆ. ಭಾಷಣಕ್ಕೆ ಎರಡು ಮೈಕ್‌ಗಳು ಸಾಕಾಗುತ್ತವೆ. ವಾದ್ಯಮೇಳಕ್ಕೆ ಮೂವತ್ತರಿಂದ ನಲವತ್ತು ಚಾನೆಲ್‌ಗಳು ಬೇಕಾಗುತ್ತವೆ. ಒಂದು ಕಾರ್ಯಕ್ರಮದಿಂದ ಇನ್ನೊಂದಕ್ಕೆ ಹೋಗುವಾಗ ಈ ಎಲ್ಲ ಚಾನೆಲ್‌ಗಳ ಸಂಕೇತಗಳನ್ನು ಒಮ್ಮೆಲೆ ಬದಲಿಸಬೇಕಾಗುತ್ತದೆ. ಈ ಕೆಲಸವು ಸರಿಯಾಗಿ ನಡೆದರೆ ಸಭಿಕರಿಗೆ ಏನೂ ತಿಳಿಯುವುದಿಲ್ಲ. ತಪ್ಪಿದಲ್ಲಿ ಗುಂಡು ಹಾರಿದಂತಹ ಸದ್ದು ಮೈದಾನವನ್ನು ತುಂಬಬಹುದು, ಇಲ್ಲವೇ ಸಾವಿರಾರು ಜನರ ಎದುರು ವೇದಿಕೆಯು ಮೂಕವಾಗಬಹುದು. ಉತ್ಸವ ಸಮಿತಿಗಳು, ಸ್ಥಳೀಯ ಸಂಸ್ಥೆಗಳ ಸಿಬ್ಬಂದಿ ಹಾಗೂ ಆಸಕ್ತ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಬದಲಾವಣೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ವಿದ್ಯುತ್ ಧ್ವನಿವರ್ಧಕಗಳು ಬರುವ ಮೊದಲು ಬಯಲಾಟ, ಪಾರಿಜಾತ ಮತ್ತು ವೃತ್ತಿ ನಾಟಕ ಕಂಪನಿಗಳ ಕಲಾವಿದರು ಕಂಠಬಲವನ್ನೇ ನಂಬಿ ರಾತ್ರಿಯಿಡೀ ಹಾಡುತ್ತಿದ್ದರು. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ಅವರ ಪಾರಿಜಾತದ ಹೆಸರು ಇಂದಿಗೂ ಈ ಭಾಗದಲ್ಲಿ ಉಳಿದಿದೆ. ಮೈಕ್ ಬಂದ ನಂತರದ ಮೊದಲ ದಶಕಗಳಲ್ಲಿ ಒಂದು ಮೈಕ್, ಒಂದು ಆಂಪ್ಲಿಫೈಯರ್ ಮತ್ತು ಗಿಡಕ್ಕೆ ಕಟ್ಟಿದ ಎರಡು ತುತ್ತೂರಿ ಆಕಾರದ ಧ್ವನಿವರ್ಧಕಗಳು ಇಡೀ ಜಾತ್ರೆಗೆ ಸಾಕಾಗುತ್ತಿದ್ದವು. ಆಗ ‘ಬದಲಾವಣೆ’ ಎಂದರೆ ಮೈಕನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವುದಷ್ಟೇ ಆಗಿದ್ದಿತು.

ಅನಲಾಗ್ ಮಿಕ್ಸರ್‌ಗಳ ಕಾಲದಲ್ಲಿ ಪ್ರತಿ ಮೈಕ್‌ಗೂ ಒಂದು ಜೋಡಿ ತಂತಿಯನ್ನು ವೇದಿಕೆಯಿಂದ ಮಿಕ್ಸರ್‌ವರೆಗೆ ಎಳೆಯಬೇಕಾಗಿತ್ತು. ತೋಳಿನ ದಪ್ಪದ ಈ ಕೇಬಲ್ ಭಾರವಾಗಿದ್ದುದಲ್ಲದೆ, ಜನರೇಟರ್ ಮತ್ತು ದೀಪಗಳ ಗುಂಯ್‌ಗುಡುವಿಕೆಯನ್ನೂ ಹೊತ್ತು ತರುತ್ತಿತ್ತು. ಆದರೆ ಅದರಲ್ಲಿ ಒಂದು ಅನುಕೂಲವಿತ್ತು. ತಂತಿ ಸಡಿಲವಾದರೆ ಗರಗರ ಸದ್ದು ಬಂದು, ದೋಷ ಇಂತಹ ಕಡೆಯೇ ಇದೆ ಎಂಬುದು ಕಿವಿಗೆ ಗೊತ್ತಾಗುತ್ತಿತ್ತು. ಡಿಜಿಟಲ್ ವ್ಯವಸ್ಥೆಯಲ್ಲಿ ಸಂಕೇತವು ಕೊನೆಯ ಕ್ಷಣದವರೆಗೂ ಸ್ವಚ್ಛವಾಗಿದ್ದು, ಮಿತಿ ದಾಟಿದೊಡನೆ ಪೂರ್ತಿಯಾಗಿ ನಿಂತುಹೋಗುತ್ತದೆ.

ಧ್ವನಿಯು ಅಂಕಿಯಾಗುವ ಬಗೆ

ಡಿಜಿಟಲ್ ವ್ಯವಸ್ಥೆಯಲ್ಲಿ ಮೈಕ್‌ನಿಂದ ಬರುವ ವಿದ್ಯುತ್ ಅಲೆಯನ್ನು ಸೆಕೆಂಡಿಗೆ 48,000 ಬಾರಿ ಅಳೆಯಲಾಗುತ್ತದೆ. ಪ್ರತಿ ಅಳತೆಗೆ ಸ್ಯಾಂಪಲ್ ಎಂದು ಹೆಸರು. ಅದನ್ನು 24 ಬಿಟ್‌ಗಳ ಸಂಖ್ಯೆಯಾಗಿ ಬರೆಯಲಾಗುತ್ತದೆ. ಅಂದರೆ ಧ್ವನಿಯ ಏರಿಳಿತವನ್ನು 1 ಕೋಟಿ 67 ಲಕ್ಷಕ್ಕೂ ಹೆಚ್ಚು ಮೆಟ್ಟಿಲುಗಳಲ್ಲಿ ಗುರುತಿಸಿದಂತಾಗುತ್ತದೆ. ಒಂದು ಚಾನೆಲ್‌ಗೆ ಸೆಕೆಂಡಿಗೆ 11.52 ಲಕ್ಷ ಬಿಟ್‌ಗಳು ಬೇಕಾಗುತ್ತವೆ. 64 ಚಾನೆಲ್‌ಗಳಿಗೆ ಇದು 7.37 ಕೋಟಿ ಬಿಟ್‌ಗಳಷ್ಟಾಗುತ್ತದೆ.

ಇವುಗಳನ್ನು ಸಾಗಿಸಲು ಹಲವು ಮಾನದಂಡಗಳು ರೂಪುಗೊಂಡಿವೆ. 1985ರಲ್ಲಿ ಪ್ರಕಟವಾದ ಎಇಎಸ್3 ಮಾನದಂಡವು ಒಂದು ಕೇಬಲ್‌ನಲ್ಲಿ ಎರಡು ಚಾನೆಲ್‌ಗಳನ್ನು ಒಯ್ಯುತ್ತದೆ. 1991ರಲ್ಲಿ ಬಂದ ಎಇಎಸ್10, ಅಂದರೆ ಬಳಕೆಯಲ್ಲಿರುವ ಹೆಸರಿನಂತೆ ‘ಮ್ಯಾಡಿ’, ಒಂದೇ ಕೇಬಲ್‌ನಲ್ಲಿ 56 ಚಾನೆಲ್‌ಗಳಿಗೆ ಅವಕಾಶ ನೀಡಿತು. ನಂತರದ ಪರಿಷ್ಕರಣೆಯಲ್ಲಿ ಅದು 64ಕ್ಕೆ ಏರಿತು. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಆಡಿನೇಟ್ ಸಂಸ್ಥೆಯ ‘ಡಾಂಟೆ’ ತಂತ್ರಜ್ಞಾನವು ಕಚೇರಿಗಳ ಕಂಪ್ಯೂಟರ್ ಜಾಲದಲ್ಲಿ ಬಳಸುವ ಮಾದರಿಯ ಕೇಬಲ್ ಮತ್ತು ಸ್ವಿಚ್‌ಗಳ ಮೂಲಕವೇ ನೂರಾರು ಚಾನೆಲ್‌ಗಳನ್ನು ಸಾಗಿಸುತ್ತದೆ. ಬೇರೆ ಬೇರೆ ಸಂಸ್ಥೆಗಳ ಜಾಲಗಳು ಪರಸ್ಪರ ಹೊಂದಿಕೊಳ್ಳಲೆಂದು 2013ರಲ್ಲಿ ಎಇಎಸ್67 ಮಾನದಂಡವನ್ನು ಪ್ರಕಟಿಸಲಾಯಿತು.

ಸಮಯದ ಹೊಂದಾಣಿಕೆ

ಬದಲಾವಣೆಯ ವಿಷಯದಲ್ಲಿ ಅತಿ ಹೆಚ್ಚು ತೊಂದರೆ ಕೊಡುವ ಅಂಶ ಇದೇ ಆಗಿರುತ್ತದೆ. ಪ್ರತಿ ಡಿಜಿಟಲ್ ಉಪಕರಣದ ಒಳಗೂ ಒಂದು ಹರಳಿನ ಗಡಿಯಾರವಿದ್ದು, ಅದು ಸೆಕೆಂಡಿಗೆ 48,000 ಬಾರಿ ಮಿಡಿಯುತ್ತದೆ. ಯಾವ ಎರಡು ಹರಳುಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮಿಡಿಯುವುದಿಲ್ಲ. ಎರಡರ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಪ್ರತಿ ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು ಸ್ಯಾಂಪಲ್‌ಗಳು ಹೆಚ್ಚಾಗಿ ಉಳಿಯುತ್ತವೆ ಇಲ್ಲವೇ ಕೊರತೆಯಾಗುತ್ತವೆ. ಹೆಚ್ಚಾದದ್ದನ್ನು ಬಿಸಾಡಿದಾಗ, ಕೊರತೆಯಾದದ್ದನ್ನು ಮತ್ತೊಮ್ಮೆ ಓದಿದಾಗ ‘ಟಕ್’ ಎಂಬ ಸದ್ದು ಕೇಳಿಬರುತ್ತದೆ. ಜೋರಾದ ವಾದ್ಯಮೇಳದಲ್ಲಿ ಇದು ಮುಚ್ಚಿಹೋಗಬಹುದು. ಕವಿಗೋಷ್ಠಿಯಲ್ಲಿ ಕವಿಯು ಸಾಲಿನ ನಡುವೆ ನಿಲ್ಲಿಸಿದ ಮೌನದಲ್ಲಿ ಮಾತ್ರ ಅದು ಮುಚ್ಚಿಹೋಗುವುದಿಲ್ಲ.

ಆದುದರಿಂದ ಇಡೀ ವ್ಯವಸ್ಥೆಗೆ ಒಂದೇ ಮುಖ್ಯ ಗಡಿಯಾರವನ್ನು ನಿಗದಿಪಡಿಸಿ, ಉಳಿದೆಲ್ಲ ಉಪಕರಣಗಳು ಅದನ್ನೇ ಅನುಸರಿಸುವಂತೆ ಮಾಡಬೇಕು. ವೇದಿಕೆಯ ಸಂಪರ್ಕ ಪೆಟ್ಟಿಗೆ, ಮಿಕ್ಸರ್, ಧ್ವನಿಮುದ್ರಣ ಯಂತ್ರ, ನೇರ ಪ್ರಸಾರದ ವಾಹನ ಇವೆಲ್ಲವೂ ಒಂದೇ ತಾಳಕ್ಕೆ ನಡೆಯಬೇಕು. ಪಾರಿಜಾತದ ಹಿಮ್ಮೇಳದಲ್ಲಿ ತಾಳದವನು ಒಬ್ಬನೇ ಇರುವುದಕ್ಕೆ ಯಾವ ಕಾರಣವಿದೆಯೋ ಇಲ್ಲಿಯೂ ಅದೇ ಕಾರಣವಿದೆ. ಮುಖ್ಯ ಗಡಿಯಾರವಾಗಿರುವ ಉಪಕರಣವನ್ನು ಕಾರ್ಯಕ್ರಮದ ನಡುವೆ ಆರಿಸಿದಲ್ಲಿ ಇನ್ನೊಂದು ಉಪಕರಣವು ಆ ಹೊಣೆಯನ್ನು ವಹಿಸಿಕೊಳ್ಳುವವರೆಗೆ ಧ್ವನಿಯು ತುಂಡಾಗುವ ಸಂಭವವಿರುತ್ತದೆ. ಅತಿಥಿ ತಂಡವು ತನ್ನ ಕಾರ್ಯಕ್ರಮ ಮುಗಿಸಿ ತನ್ನ ಮಿಕ್ಸರನ್ನು ಕಳಚಿಕೊಂಡು ಹೋಗುವಾಗ ಈ ತೊಂದರೆ ಕಾಣಿಸಿಕೊಳ್ಳುವುದುಂಟು. ಆದುದರಿಂದ ಅತಿಥಿ ತಂಡದ ಉಪಕರಣವನ್ನು ಎಂದಿಗೂ ಮುಖ್ಯ ಗಡಿಯಾರವನ್ನಾಗಿ ಇರಿಸಬಾರದು.

ಸ್ಯಾಂಪಲ್ ದರದ ವ್ಯತ್ಯಾಸವು ಇದಕ್ಕೆ ಹತ್ತಿರದ ಇನ್ನೊಂದು ತೊಡಕು. ಸಂಗೀತದ ಸಿ.ಡಿ.ಗಳ ದರ 44,100. ವೇದಿಕೆಯ ದರ ಸಾಮಾನ್ಯವಾಗಿ 48,000. ಮೊದಲನೆಯದನ್ನು ಪರಿವರ್ತಿಸದೆ ಎರಡನೆಯ ದರದಲ್ಲಿ ನುಡಿಸಿದರೆ ಹಾಡು ವೇಗವಾಗುವುದಲ್ಲದೆ, ಶ್ರುತಿಯು ಸುಮಾರು ಒಂದೂವರೆ ಅರ್ಧಸ್ವರದಷ್ಟು ಮೇಲೇರುತ್ತದೆ. ಮುದ್ರಿತ ಹಿನ್ನೆಲೆ ಸಂಗೀತಕ್ಕೆ ‘ಕರಿ ಒಂದು’ ಶ್ರುತಿಯಲ್ಲಿ ಹಾಡಲು ಸಿದ್ಧನಾಗಿ ನಿಂತ ಗಾಯಕನು ಎರಡು ಶ್ರುತಿಗಳ ನಡುವೆ ಸಿಕ್ಕಿಕೊಳ್ಳುತ್ತಾನೆ. ಒಳಬರುವ ದಾರಿಯಲ್ಲಿ ದರ ಪರಿವರ್ತಕವನ್ನು ಇರಿಸುವುದರಿಂದ ಗಡಿಯಾರದ ವ್ಯತ್ಯಾಸ ಮತ್ತು ದರದ ವ್ಯತ್ಯಾಸ ಎರಡೂ ಪರಿಹಾರವಾಗುತ್ತವೆ.

ಸೇರಿಸುವ ಜಾಗ

ಗಡಿಯಾರಗಳು ಹೊಂದಿಕೊಂಡ ನಂತರವೂ ಒಂದು ಸಂಕೇತವನ್ನು ಥಟ್ಟನೆ ಕತ್ತರಿಸಿ ಇನ್ನೊಂದನ್ನು ಜೋಡಿಸಿದಾಗ ಮೊದಲನೆಯ ಅಲೆಯ ಎತ್ತರವೂ ಎರಡನೆಯ ಅಲೆಯ ಎತ್ತರವೂ ಆ ಕ್ಷಣದಲ್ಲಿ ಬೇರೆಯಾಗಿರುತ್ತವೆ. ಈ ಜಿಗಿತವೇ ಸದ್ದಾಗಿ ಕೇಳುತ್ತದೆ. ದೊಡ್ಡ ಧ್ವನಿವರ್ಧಕಗಳಲ್ಲಿ ಇದು ಎತ್ತರದ ಸ್ವರಗಳನ್ನು ನುಡಿಸುವ ಸೂಕ್ಷ್ಮ ಭಾಗವನ್ನು ಕೆಡಿಸಬಲ್ಲದು.

ಬಾಗಲಕೋಟೆ ಜಿಲ್ಲೆಯ ಓದುಗರಿಗೆ ಇಲಕಲ್ಲ ಸೀರೆಯ ಉದಾಹರಣೆಯು ಇಲ್ಲಿ ಉಪಯುಕ್ತವಾಗಬಹುದು. ಸೀರೆಯ ಒಡಲಿನ ಹಾಸು ಮತ್ತು ಸೆರಗಿನ ಹಾಸುಗಳನ್ನು ನೇಕಾರರು ಪ್ರತ್ಯೇಕವಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಒಂದೆರಡು ಎಳೆ ತಪ್ಪಿದರೂ ಬಟ್ಟೆಯಲ್ಲಿ ದೋಷ ಕಾಣುತ್ತದೆ. ಡಿಜಿಟಲ್ ಸಂಕೇತಗಳಲ್ಲಿ ಕೊಂಡಿಯ ಕೆಲಸವನ್ನು ಕ್ರಾಸ್‌ಫೇಡ್ ಮಾಡುತ್ತದೆ. ಮೊದಲನೆಯ ಸಂಕೇತವನ್ನು ಕ್ರಮೇಣ ಇಳಿಸುತ್ತ, ಅದೇ ಅವಧಿಯಲ್ಲಿ ಎರಡನೆಯದನ್ನು ಕ್ರಮೇಣ ಏರಿಸಲಾಗುತ್ತದೆ. 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಎಂದರೆ 480 ಸ್ಯಾಂಪಲ್‌ಗಳ ಉದ್ದದ ಕೊಂಡಿ. ಕಿವಿಗೆ ಇದು ಕ್ಷಣಮಾತ್ರದ ಬದಲಾವಣೆಯೇ ಆಗಿರುತ್ತದೆ, ಆದರೆ ಜಿಗಿತ ಇರುವುದಿಲ್ಲ.

ಕ್ರಾಸ್‌ಫೇಡ್‌ನ ರೂಪವನ್ನು ಆರಿಸುವಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕಾಗುತ್ತದೆ. ಎರಡೂ ದಾರಿಗಳಲ್ಲಿ ಬರುತ್ತಿರುವುದು ಒಂದೇ ಧ್ವನಿಯಾಗಿದ್ದರೆ, ಉದಾಹರಣೆಗೆ ಮುಖ್ಯ ಮಿಕ್ಸರ್‌ನಿಂದ ಮೀಸಲು ಮಿಕ್ಸರ್‌ಗೆ ಹೋಗುವಾಗ, ನಡುವಿನ ಬಿಂದುವಿನಲ್ಲಿ ಎರಡನ್ನೂ ಅರ್ಧಕ್ಕೆ, ಅಂದರೆ 6 ಡೆಸಿಬೆಲ್‌ನಷ್ಟು ಇಳಿಸಬೇಕು. ಎರಡೂ ಬೇರೆ ಬೇರೆ ಧ್ವನಿಗಳಾಗಿದ್ದರೆ, ಉದಾಹರಣೆಗೆ ನಿರೂಪಕರ ಮಾತಿನಿಂದ ಶಹನಾಯಿಗೆ ಹೋಗುವಾಗ, 3 ಡೆಸಿಬೆಲ್‌ನಷ್ಟು ಮಾತ್ರ ಇಳಿಸಬೇಕು. ಅದಲುಬದಲಾದರೆ ನಡುವೆ ಧ್ವನಿಯು ಉಬ್ಬಿದಂತೆ ಅಥವಾ ಕುಸಿದಂತೆ ಕೇಳುತ್ತದೆ.

ಬಹುಚಾನೆಲ್ ಸಂಕೇತಗಳಲ್ಲಿ ಎಲ್ಲ ಚಾನೆಲ್‌ಗಳೂ ಒಂದೇ ಸ್ಯಾಂಪಲ್‌ನ ಗಡಿಯಲ್ಲಿ ಬದಲಾಗಬೇಕಾದುದು ಕಡ್ಡಾಯ. ಎಂಟು ಚಾನೆಲ್‌ಗಳನ್ನು ನಾಲ್ಕು ಎಇಎಸ್3 ಕೇಬಲ್‌ಗಳಲ್ಲಿ ತಂದಿದ್ದು, ಅವುಗಳಲ್ಲಿ ಒಂದು ಜೋಡಿಯು ಬದಲಾವಣೆಯ ನಂತರ ಒಂದೇ ಒಂದು ಸ್ಯಾಂಪಲ್ ಹಿಂದೆ ಉಳಿಯಿತು ಎಂದು ಭಾವಿಸೋಣ. ಈ ಅಂತರವು 20.8 ಮೈಕ್ರೋಸೆಕೆಂಡುಗಳು, ಗಾಳಿಯಲ್ಲಿ ಶಬ್ದವು ಅಷ್ಟರಲ್ಲಿ ಸುಮಾರು 7 ಮಿಲಿಮೀಟರ್ ಮಾತ್ರ ಸಾಗುತ್ತದೆ. ಆದರೂ 10,000 ಹರ್ಟ್ಸ್‌ನ ಸ್ವರದಲ್ಲಿ ಅದು 75 ಡಿಗ್ರಿಗಳಷ್ಟು ಹಂತ ವ್ಯತ್ಯಾಸವನ್ನು ಉಂಟುಮಾಡುತ್ತದೆ. ಆ ಎರಡು ಜೋಡಿಗಳು ಮಿಕ್ಸರ್‌ನಲ್ಲಿ ಸೇರಿದಾಗ ತಾಳ ಮತ್ತು ಗೆಜ್ಜೆಯ ಧ್ವನಿಗಳು ಮಂಕಾಗುತ್ತವೆ. ದೋಷ ಎಲ್ಲಿದೆ ಎಂಬುದನ್ನು ಹುಡುಕುವುದು ಅನುಭವಿಗಳಿಗೂ ಕಷ್ಟವಾಗುತ್ತದೆ, ಏಕೆಂದರೆ ಪ್ರತಿ ಚಾನೆಲ್ ಅನ್ನು ಪ್ರತ್ಯೇಕವಾಗಿ ಕೇಳಿದಾಗ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಎಇಎಸ್3 ಸಂಕೇತದಲ್ಲಿ ಧ್ವನಿಯ ಜೊತೆಗೆ ಅದರ ವಿವರಗಳೂ ಸಾಗುತ್ತವೆ. 192 ಚೌಕಟ್ಟುಗಳ ಒಂದು ಗುಂಪಿನಲ್ಲಿ, ಅಂದರೆ 4 ಮಿಲಿಸೆಕೆಂಡಿಗೆ ಒಮ್ಮೆ, ಈ ವಿವರಗಳು ಪೂರ್ಣಗೊಳ್ಳುತ್ತವೆ. ಗುಂಪಿನ ನಡುವೆ ಕತ್ತರಿಸಿದಲ್ಲಿ ಸ್ವೀಕರಿಸುವ ಉಪಕರಣವು ಗೊಂದಲಕ್ಕೊಳಗಾಗಿ ಕ್ಷಣಕಾಲ ಮೌನವಾಗಬಹುದು. ಈ ವಿವರಗಳಲ್ಲಿ ಇದು ಸಾಮಾನ್ಯ ಧ್ವನಿಯೋ ಅಥವಾ ಸಂಕುಚಿತ ರೂಪದ ದತ್ತಾಂಶವೋ ಎಂಬ ಸೂಚನೆಯೂ ಸೇರಿರುತ್ತದೆ. ಅದನ್ನು ಕಡೆಗಣಿಸಿ ಸಂಕುಚಿತ ದತ್ತಾಂಶವನ್ನೇ ಧ್ವನಿಯೆಂದು ನುಡಿಸಿದರೆ ಧ್ವನಿವರ್ಧಕದಿಂದ ಪೂರ್ಣ ಬಲದ ಕರ್ಕಶ ಸದ್ದು ಹೊರಡುತ್ತದೆ. ಮಿತಿಕಾರಕ ಉಪಕರಣವನ್ನು ಬದಲಾವಣೆಯ ಬಿಂದುವಿನ ಮೊದಲು ಇರಿಸದೆ, ಅದರ ನಂತರ, ಆಂಪ್ಲಿಫೈಯರ್‌ಗೆ ಹತ್ತಿರದಲ್ಲಿ ಇರಿಸಬೇಕೆಂಬುದಕ್ಕೆ ಇದೇ ಕಾರಣ.

ದಾರಿಯ ವಿಳಂಬ

ಡಿಜಿಟಲ್ ಉಪಕರಣಗಳು ಪ್ರತಿಯೊಂದೂ ಸ್ವಲ್ಪ ಸಮಯವನ್ನು ತೆಗೆದುಕೊಳ್ಳುತ್ತವೆ. ಮೈಕ್‌ನಿಂದ ಧ್ವನಿವರ್ಧಕದವರೆಗೆ ಒಂದು ದಾರಿಯಲ್ಲಿ 3 ಮಿಲಿಸೆಕೆಂಡ್, ಮೀಸಲು ದಾರಿಯಲ್ಲಿ 8 ಮಿಲಿಸೆಕೆಂಡ್ ಎಂದಾದರೆ, ಬದಲಾವಣೆಯ ಸಮಯದಲ್ಲಿ ಒಂದೇ ಧ್ವನಿಯು ಎರಡು ಬಾರಿ ಕೇಳುತ್ತದೆ. ಮೀಸಲು ದಾರಿಯನ್ನು ಮೊದಲೇ ಅಳೆದು, ವೇಗದ ದಾರಿಗೆ ಕೃತಕ ವಿಳಂಬವನ್ನು ಸೇರಿಸಿ ಎರಡನ್ನೂ ಸಮ ಮಾಡುವುದು ವಾಡಿಕೆ.

ಬೇಸಿಗೆಯ ಸಂಜೆ 35 ಡಿಗ್ರಿ ಉಷ್ಣತೆಯಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 352 ಮೀಟರ್‌ಗಳಷ್ಟಿರುತ್ತದೆ. ವೇದಿಕೆಯಿಂದ 50 ಮೀಟರ್ ದೂರದ ಕಂಬದ ಮೇಲಿನ ಧ್ವನಿವರ್ಧಕಕ್ಕೆ ಸುಮಾರು 142 ಮಿಲಿಸೆಕೆಂಡಿನ ವಿಳಂಬ ನೀಡದಿದ್ದರೆ ಹಿಂದೆ ಕುಳಿತವರಿಗೆ ಪ್ರತಿ ಮಾತೂ ಎರಡೆರಡು ಸಲ ಕೇಳುತ್ತದೆ. ಮಿಕ್ಸರ್‌ನಲ್ಲಿ ಒಂದು ಕಾರ್ಯಕ್ರಮದ ಜೋಡಣೆಯಿಂದ ಇನ್ನೊಂದರ ಜೋಡಣೆಗೆ ಬದಲಿಸುವಾಗ ಈ ವಿಳಂಬದ ಅಂಕಿಯು ಅಳಿಸಿಹೋಗದಂತೆ ಅದನ್ನು ಪ್ರತ್ಯೇಕವಾಗಿ ಕಾಯ್ದಿರಿಸಬೇಕು. ನಿರೂಪಕರ ಮೈಕ್‌ಗೂ ಇದೇ ರಕ್ಷಣೆ ಅವಶ್ಯ. ಎಷ್ಟೇ ಜೋಡಣೆಗಳು ಬದಲಾದರೂ ಆ ಒಂದು ಮೈಕ್ ಯಾವಾಗಲೂ ಜೀವಂತವಾಗಿರಬೇಕು.

ಚಿತ್ರಮಂದಿರಗಳ ಪಾಠ

ತನ್ನಿಂದ ತಾನೇ ಬದಲಾಗುವ ವ್ಯವಸ್ಥೆಯನ್ನು ಪ್ರೇಕ್ಷಕರು ಅರಿವಿಲ್ಲದೆಯೇ ಚಿತ್ರಮಂದಿರಗಳಲ್ಲಿ ಕಂಡಿದ್ದಾರೆ. 1992ರಲ್ಲಿ ಬಂದ ಡಾಲ್ಬಿ ಡಿಜಿಟಲ್ ಪದ್ಧತಿಯಲ್ಲಿ 35 ಮಿ.ಮೀ. ಫಿಲ್ಮ್‌ನ ಅಂಚಿನ ರಂಧ್ರಗಳ ನಡುವಿನ ಪುಟ್ಟ ಜಾಗದಲ್ಲಿ ಡಿಜಿಟಲ್ ಧ್ವನಿಯನ್ನು ಮುದ್ರಿಸಲಾಗುತ್ತಿತ್ತು. ಹಳೆಯ ಅನಲಾಗ್ ಧ್ವನಿಪಟ್ಟಿಯೂ ಪಕ್ಕದಲ್ಲಿಯೇ ಇರುತ್ತಿತ್ತು. ಊರೂರು ಸುತ್ತಿ ಸವೆದ ಪ್ರತಿಯಲ್ಲಿ ಡಿಜಿಟಲ್ ಗುರುತುಗಳು ಓದಲು ಬಾರದಾದಾಗ ಯಂತ್ರವು ಅನಲಾಗ್ ಪಟ್ಟಿಗೆ ಹೊರಳಿ, ಗುರುತುಗಳು ಸರಿಯಾದಾಗ ಮರಳುತ್ತಿತ್ತು. ಧ್ವನಿಯು ಸುತ್ತಲಿನಿಂದ ಸರಿದು ಮುಂದಕ್ಕೆ ಕುಗ್ಗಿದಂತೆ ತೋರುತ್ತಿದ್ದರೂ ಕಥೆ ನಿಲ್ಲುತ್ತಿರಲಿಲ್ಲ. ಈಗಿನ ಡಿಜಿಟಲ್ ಸಿನಿಮಾ ಪದ್ಧತಿಗೆ 2005ರಲ್ಲಿ ಪ್ರಕಟವಾದ ಡಿಸಿಐ ನಿರ್ದೇಶನಗಳು ಆಧಾರವಾಗಿದ್ದು, ಅದರಲ್ಲಿ 16 ಚಾನೆಲ್‌ಗಳವರೆಗೆ ಸಂಕುಚಿತಗೊಳಿಸದ ಧ್ವನಿಗೆ ಅವಕಾಶವಿದೆ.

ಮೀಸಲು ದಾರಿ

ಉತ್ಸವದ ವೇದಿಕೆಗೂ ಇದೇ ತತ್ವವು ಅನ್ವಯಿಸುತ್ತದೆ. ಜಾಲ ಆಧಾರಿತ ವ್ಯವಸ್ಥೆಗಳಲ್ಲಿ ಪ್ರತಿಯೊಂದು ದತ್ತಾಂಶದ ಪೊಟ್ಟಣವನ್ನೂ ಎರಡು ಪ್ರತ್ಯೇಕ ಜಾಲಗಳಲ್ಲಿ ಏಕಕಾಲಕ್ಕೆ ಕಳುಹಿಸುವ ಸೌಲಭ್ಯವಿದೆ. ಸ್ವೀಕರಿಸುವ ಉಪಕರಣವು ಒಂದು ಜಾಲದಲ್ಲಿ ಬಾರದಿದ್ದುದನ್ನು ಇನ್ನೊಂದರಿಂದ ಪಡೆಯುತ್ತದೆ. ಒಂದು ಕೇಬಲ್ ಪೂರ್ತಿ ತುಂಡಾದರೂ ಧ್ವನಿಯಲ್ಲಿ ಬಿರುಕು ಬರುವುದಿಲ್ಲ.

ಆದರೆ ಎರಡೂ ಕೇಬಲ್‌ಗಳನ್ನು ಒಟ್ಟಿಗೆ ಸುತ್ತಿ ಒಂದೇ ದಾರಿಯಲ್ಲಿ ಎಳೆದರೆ ಈ ಏರ್ಪಾಡಿಗೆ ಅರ್ಥವೇ ಇರುವುದಿಲ್ಲ. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಭಾಗದಲ್ಲಿ ಚಳಿಗಾಲದ ಉತ್ಸವಗಳು ಕಬ್ಬು ಅರೆಯುವ ಹಂಗಾಮಿನಲ್ಲಿಯೇ ಬರುತ್ತವೆ. ಎರಡೆರಡು ಟ್ರೇಲರ್‌ಗಳನ್ನು ಎಳೆದುಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರ್ ಒಮ್ಮೆ ಹಾಯ್ದರೆ ರಸ್ತೆಗೆ ಅಡ್ಡಲಾಗಿ ಹಾಸಿದ ಗಾಜಿನ ತಂತುವಿನ ಕೇಬಲ್ ಉಳಿಯುವುದಿಲ್ಲ. ಒಂದು ಕೇಬಲ್ ಮೈದಾನದ ಎಡಬದಿಯಿಂದ, ಇನ್ನೊಂದು ಬಲಬದಿಯಿಂದ, ಸಾಧ್ಯವಾದಲ್ಲಿ ಒಂದು ಕಂಬಗಳ ಮೇಲಿನಿಂದ ಹೋಗುವುದು ಸೂಕ್ತ. ತಾಮ್ರದ ಜಾಲ ಕೇಬಲ್‌ಗೆ 100 ಮೀಟರ್‌ಗಳ ಮಿತಿಯಿರುವುದನ್ನು ಸಹ ಗಮನದಲ್ಲಿರಿಸಬೇಕು. ಅದಕ್ಕೂ ದೂರಕ್ಕೆ ಗಾಜಿನ ತಂತುವೇ ಬೇಕಾಗುತ್ತದೆ.

ಎರಡು ಜಾಲಗಳ ಸ್ವಿಚ್‌ಗಳಿಗೂ ಒಂದೇ ವಿದ್ಯುತ್ ಸಂಪರ್ಕ ನೀಡುವುದು ಸಾಮಾನ್ಯವಾಗಿ ಕಂಡುಬರುವ ಲೋಪವಾಗಿದೆ. ವಿದ್ಯುತ್ ಕಡಿತವಾಗಿ ಜನರೇಟರ್ ಆರಂಭವಾಗುವ ಆ ಕೆಲವು ಸೆಕೆಂಡುಗಳಲ್ಲಿ ದೀಪಗಳು ಮತ್ತು ಆಂಪ್ಲಿಫೈಯರ್‌ಗಳು ಬೇಗ ಚೇತರಿಸಿಕೊಳ್ಳುತ್ತವೆ. ಮಿಕ್ಸರ್ ಮತ್ತು ಸ್ವಿಚ್‌ಗಳು ಮತ್ತೆ ಆರಂಭಗೊಳ್ಳಲು ನಿಮಿಷಗಳೇ ಬೇಕಾಗಬಹುದು. ಇವುಗಳಿಗೆ ಬ್ಯಾಟರಿ ಆಧಾರಿತ ಯುಪಿಎಸ್ ಅಳವಡಿಸುವುದು ದುಬಾರಿಯಾದ ಏರ್ಪಾಡೇನೂ ಅಲ್ಲ.

ಕೊನೆಯ ಆಸರೆಯಾಗಿ ನಿರೂಪಕರ ಮೈಕ್‌ನಿಂದ ಆಂಪ್ಲಿಫೈಯರ್‌ವರೆಗೆ ಒಂದು ಅನಲಾಗ್ ತಂತಿಯನ್ನು ಎಳೆದಿರಬೇಕು. ಡಿಜಿಟಲ್ ಸಂಕೇತ ನಿಂತೊಡನೆ ಅನಲಾಗ್ ಒಳಬರವಿಗೆ ತಾನಾಗಿಯೇ ಹೊರಳುವ ಆಂಪ್ಲಿಫೈಯರ್‌ಗಳು ದೊರೆಯುತ್ತವೆ. ಡಿಜಿಟಲ್ ದಾರಿಗೆ ಮರಳುವಿಕೆಯು ಮಾತ್ರ ತಾನಾಗಿ ನಡೆಯದೆ ನಿರ್ವಾಹಕರ ಕೈಯಿಂದ ನಡೆಯುವುದು ಒಳ್ಳೆಯದು. ಸಡಿಲವಾದ ಸಂಪರ್ಕವೊಂದು ಬಂದು ಹೋಗಿ ಮಾಡುತ್ತಿದ್ದರೆ ವ್ಯವಸ್ಥೆಯೂ ಅದರೊಡನೆ ತೂಗಾಡುತ್ತಿರುತ್ತದೆ.

ಈ ಒಂದು ತಂತಿಯ ಮಹತ್ವವು ಸಂಗೀತಕ್ಕೆ ಸಂಬಂಧಿಸಿದ್ದಲ್ಲ. ಮೈದಾನದಲ್ಲಿ ನೂಕುನುಗ್ಗಲು ಉಂಟಾದಾಗ, ಪೆಂಡಾಲಿಗೆ ಬೆಂಕಿ ತಗುಲಿದಾಗ, ಮಗು ಕಳೆದುಹೋದಾಗ ಜನರನ್ನು ತಲುಪಲು ಇರುವ ಸಾಧನ ಧ್ವನಿವರ್ಧಕವೊಂದೇ. ಯಾವ ದಾರಿಯಿಂದ ಹೊರಗೆ ಹೋಗಬೇಕೆಂದು ಶಾಂತವಾಗಿ ಹೇಳುವ ಒಂದು ಧ್ವನಿ ಇರುವ ಗುಂಪಿಗೂ, ಕತ್ತಲೆ ಮತ್ತು ಮೌನದಲ್ಲಿ ಸಿಕ್ಕಿದ ಗುಂಪಿಗೂ ಬಹಳ ವ್ಯತ್ಯಾಸವಿದೆ. ಆದುದರಿಂದ ತುರ್ತು ಪ್ರಕಟಣೆಯ ಸಂಕೇತಕ್ಕೆ ಉಳಿದೆಲ್ಲ ಸಂಕೇತಗಳಿಗಿಂತ ಮೇಲಿನ ಆದ್ಯತೆ ನೀಡಿ, ಅದು ಬಂದೊಡನೆ ವಾದ್ಯಮೇಳದ ಚಾನೆಲ್‌ಗಳೆಲ್ಲವೂ ತಗ್ಗುವಂತೆ ಬದಲಾವಣೆಯ ಕ್ರಮವನ್ನು ರೂಪಿಸಬೇಕು.

ತಾಲೀಮು ಮತ್ತು ದಾಖಲೆ

ಬದಲಾವಣೆಗಳನ್ನು ಕಾರ್ಯಕ್ರಮದ ದಿನ ಮಧ್ಯಾಹ್ನ, ಜನ ಸೇರುವ ಮೊದಲು, ಕಾರ್ಯಕ್ರಮಗಳ ಅನುಕ್ರಮದಲ್ಲಿಯೇ ಒಮ್ಮೆ ನಡೆಸಿ ನೋಡಬೇಕು. ಮುಖ್ಯ ಜಾಲದ ಕೇಬಲನ್ನು ಉದ್ದೇಶಪೂರ್ವಕವಾಗಿ ಕಿತ್ತು, ಧ್ವನಿ ಮುಂದುವರಿಯುತ್ತದೆಯೇ ಎಂಬುದನ್ನು ಕಿವಿಯಿಂದಲೇ ಪರೀಕ್ಷಿಸಬೇಕು. ಪರದೆಯ ಮೇಲಿನ ಹಸಿರು ದೀಪವನ್ನು ನಂಬಿದರೆ ಸಾಲದು. ಪ್ರತಿ ಚಾನೆಲ್‌ನ ಹೆಸರನ್ನು ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿದಲ್ಲಿ ವೇದಿಕೆಯ ಸಹಾಯಕರು ಕತ್ತಲಲ್ಲಿಯೂ ತಪ್ಪಿಲ್ಲದೆ ಜೋಡಿಸಬಲ್ಲರು.

ಜಾನಪದ ತಂಡಗಳ ವಿಷಯದಲ್ಲಿ ವಿಶೇಷ ಗಮನ ಅಗತ್ಯ. ವಾದ್ಯಮೇಳದ ತಂಡಕ್ಕೆ ಒಂದು ಗಂಟೆ ಧ್ವನಿ ಪರೀಕ್ಷೆಗೆ ದೊರೆತರೆ, ಪಾರಿಜಾತದ ತಂಡಕ್ಕೆ ಹಲವು ಕಡೆ ಐದು ನಿಮಿಷವೂ ದೊರೆಯುವುದಿಲ್ಲ. ಭಾಗವತ ಮತ್ತು ದೂತಿಯ ಮಾತುಗಳು ಬಹುಪಾಲು ಆ ಸ್ಥಳದಲ್ಲಿಯೇ ಹುಟ್ಟುವಂಥವು. ಅವುಗಳ ಮೊದಲ ಪದ ನುಂಗಿಹೋದರೆ ಇಡೀ ಹಾಸ್ಯವೇ ಹೋದಂತೆ. ಅಂತಹ ತಂಡದ ಜೋಡಣೆಯನ್ನು ಮೊದಲೇ ಉಳಿಸಿಟ್ಟು, ಕಲಾವಿದರು ವೇದಿಕೆ ಏರುವ ಮೊದಲೇ ಚಾನೆಲ್‌ಗಳನ್ನು ಬದಲಿಸಿರಬೇಕು.

ಶಬ್ದ ಮಿತಿ ಮತ್ತು ಅನುಮತಿ

ಶಬ್ದ ಮಾಲಿನ್ಯ (ನಿಯಂತ್ರಣ ಮತ್ತು ಹತೋಟಿ) ನಿಯಮಗಳು, 2000ರ ಪ್ರಕಾರ ಧ್ವನಿವರ್ಧಕಗಳ ಬಳಕೆಗೆ ಪ್ರಾಧಿಕಾರದ ಲಿಖಿತ ಅನುಮತಿ ಅಗತ್ಯವಾಗಿದ್ದು, ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ತೆರೆದ ಸ್ಥಳಗಳಲ್ಲಿ ಬಳಕೆಯನ್ನು ನಿಷೇಧಿಸಲಾಗಿದೆ. ಸಾಂಸ್ಕೃತಿಕ ಅಥವಾ ಧಾರ್ಮಿಕ ಸಂದರ್ಭಗಳಲ್ಲಿ ವರ್ಷಕ್ಕೆ 15 ದಿನಗಳನ್ನು ಮೀರದಂತೆ ರಾತ್ರಿ 12 ಗಂಟೆಯವರೆಗೆ ವಿನಾಯಿತಿ ನೀಡುವ ಅಧಿಕಾರವು ರಾಜ್ಯ ಸರ್ಕಾರಕ್ಕಿದೆ. ವಸತಿ ಪ್ರದೇಶದ ಮಿತಿಯು ಹಗಲಿನಲ್ಲಿ 55 ಮತ್ತು ರಾತ್ರಿ 45 ಡೆಸಿಬೆಲ್‌ಗಳಾಗಿರುತ್ತದೆ. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಧ್ವನಿವರ್ಧಕದ ಶಬ್ದವು ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಆಸ್ಪತ್ರೆ, ಶಾಲೆ ಮತ್ತು ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಪರಿಗಣಿಸಬಹುದಾಗಿರುತ್ತದೆ.

ಈ ಮಿತಿಯನ್ನು ಭಾಷಣದ ವೇಳೆಯಲ್ಲಿ ಅಳೆದು ತೃಪ್ತರಾಗುವುದು ಸರಿಯಲ್ಲ. ವಾದ್ಯಮೇಳಕ್ಕೆ ಬದಲಾದ ಮೊದಲ ನಿಮಿಷದಲ್ಲಿ ಮೈದಾನದ ಗಡಿಯಲ್ಲಿ ಇನ್ನೊಮ್ಮೆ ಅಳೆದು, ಅದರಂತೆ ಆಂಪ್ಲಿಫೈಯರ್ ಬಳಿಯ ಮಿತಿಕಾರಕವನ್ನು ಸರಿಪಡಿಸಿ, ಆ ಅಂಕಿಯನ್ನು ಕಾರ್ಯಕ್ರಮದ ದಾಖಲೆಯಲ್ಲಿ ನಮೂದಿಸತಕ್ಕದ್ದು.